ಸಂಗಮದಲ್ಲಿ ಮುಳುಗಿದ ಚಾವಿ

ಗಾಣಗಾಪುರದ ಸಂಗಮದಲ್ಲಿ ಮೂರು ಮುಳುಗು ಹಾಕಿ ಮೇಲೆದ್ದಾಗ ತೊಡೆಗೆ ಏನೋ ಗಟ್ಟಿಯಾಗಿ ತಾಗಿತು. ಕೈ ಹಾಕಿ ನೋಡಿದರೆ ಕಾರಿನ ಚಾವಿ. ಚಡ್ಡಿಯ ಕಿಸೆಯಲ್ಲೇ ಇಟ್ಟುಕೊಂಡು ಭೀಮಾ-ಅಮರಜಾ ಎರಡಕ್ಕೂ ಇಳಿದಿದ್ದೆ.

ಬೇಸಿಗೆ ರಜೆಯ ಒಂದು ಗುರುವಾರ. ಏಪ್ರಿಲ್ ಆದ್ದರಿಂದ ನೀರು ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು ಅಷ್ಟೇ, ಕೂತು ಮುಳುಗಬೇಕು. ಅವ್ವ, ಹೆಂಡತಿ ದಂಡೆಯ ನೆರಳಿನಲ್ಲಿದ್ದರು. ಒಣ ಬಟ್ಟೆ, ರೊಟ್ಟಿ ಬುತ್ತಿ, ಅವ್ವನ ಬಿ.ಪಿ. ಗುಳಿಗೆ, ಎಲ್ಲ ಕಾರಿನಲ್ಲಿ.

ಆ ಚಾವಿಯ ಬಗ್ಗೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಸ್ವಲ್ಪ. ಕಿಸೆಯಲ್ಲಿದ್ದರೆ ಸಾಕು, ಬಾಗಿಲ ಹಿಡಿಕೆಯ ಕಪ್ಪು ಬಟನ್ ಒತ್ತಿದರೆ ಲಾಕ್ ಬಿಚ್ಚುತ್ತದೆ, ಕ್ಲಚ್ ತುಳಿದು ಸ್ಟಾರ್ಟ್ ಬಟನ್ ಒತ್ತಿದರೆ ಎಂಜಿನ್ ಶುರು. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಮಾರಿದವರು ಒಂದೇ ಚಾವಿ ಕೊಟ್ಟಿದ್ದರು, ಇನ್ನೊಂದು ಚಾವಿ, ಮ್ಯಾನ್ಯುವಲ್ ಎರಡೂ ಕಳೆದಿವೆ ಎಂದಿದ್ದರು. ನಾನೂ ಕೇಳಲಿಲ್ಲ. ಪಾಠ ಓದದೆ ಪರೀಕ್ಷೆಗೆ ಬರುವ ಹುಡುಗರಿಗೆ ಇಪ್ಪತ್ತು ವರ್ಷದಿಂದ ಬೈಯುತ್ತ ಬಂದ ಮಾಸ್ತರ ನಾನು.

ಹಿಡಿಕೆಯ ಬಟನ್ ಒತ್ತಿದೆ. ಗಾಡಿ ಮಿಸುಕಲಿಲ್ಲ. ಚಾವಿಯ ಮೇಲಿನ ಬಟನ್ ಒತ್ತಿದೆ, ಅದೂ ಇಲ್ಲ. ಹೆಂಡತಿಯ ಫೋನಿನಿಂದ ನಮ್ಮ ಓಣಿಯ ಗಾಡಿ ಎಲೆಕ್ಟ್ರಿಷಿಯನ್‌ಗೆ ಹಚ್ಚಿದೆ. ಎಲ್ಲರೂ ಉಸ್ತಾದ್ ಎಂದೇ ಕರೆಯುವುದು.

"ಹೆದರಬ್ಯಾಡ್ರಿ ಸರ್, ಚಾವಿ ಮುಳುಗ್ಯಾದ, ಗಾಡಿ ಮುಳುಗಿಲ್ಲಲ್ಲ. ಮೊದಲ ಅದರ ಮ್ಯಾಲಿನ ಬಟನ್ ಒತ್ತೂದು ಬಿಡ್ರಿ. ಒತ್ತಿದಷ್ಟೂ ಒಳಗ ಶಾರ್ಟ್ ಆಗ್ತದ. ಚಾವಿ ಬಾಜೂಕ ಒಂದ್ ಸಣ್ಣ ಗುಂಡಿ ಅದ ನೋಡ್ರಿ. ಅದು ಒತ್ತಿ ಹಿಡಿದು ಜಗ್ಗ್ರಿ."

ಜಗ್ಗಿದೆ. ಒಂದು ವರ್ಷ ನಾನು ಕಿಸೆಯಲ್ಲಿ ಹೊತ್ತು ತಿರುಗಿದ ಆ ಕರೀ ಪ್ಲಾಸ್ಟಿಕ್ ತುಂಡಿನೊಳಗಿಂದ ಒಂದು ಕಬ್ಬಿಣದ ಚಾವಿ ಹೊರಗೆ ಬಂತು! ಟ್ರಂಕಿನ ಚಾವಿಯಂಥದೇ, ಹಲ್ಲಿರುವ ಅಸಲಿ ಚಾವಿ. ಡ್ರೈವರ್ ಬಾಗಿಲ ಹಿಡಿಕೆಯ ಪಕ್ಕದಲ್ಲಿ ಅದಕ್ಕೊಂದು ತೂತೂ ಇತ್ತು. ಅದರೊಳಗೆ ತುಂಬಿದ್ದ ಧೂಳು ನೋಡಿದರೆ ಹಳೇ ಮಾಲೀಕರಿಗೂ ಈ ವಿಷಯ ಗೊತ್ತಿರಲಿಲ್ಲ ಅನ್ನಿಸುತ್ತದೆ.

ತಿರುಗಿಸಿ ಬಾಗಿಲು ತೆಗೆದೆನೋ ಇಲ್ಲವೋ, ಗಾಡಿ ಬೊಬ್ಬೆ ಹೊಡೆಯಲು ಶುರು ಮಾಡಿತು. ಹಾರ್ನು, ನಾಲ್ಕೂ ಮೂಲೆಯ ದೀಪ. ಒದ್ದೆ ಚಡ್ಡಿ, ಹೆಗಲ ಮೇಲೆ ಟವೆಲ್, ಮೈಯಿಂದ ನೀರು ಇಳಿಯುತ್ತಿರುವ ಮನುಷ್ಯ ಕಾರಿನ ಬಾಗಿಲಲ್ಲಿ ಅರ್ಧ ಹೊಕ್ಕಿದ್ದಾನೆ, ಕಾರು ಕಿರುಚುತ್ತಿದೆ. ಜನ ಸುಮ್ಮನಿರುತ್ತಾರೆಯೇ? ಮಡಿಯಲ್ಲಿದ್ದ ಹಿರಿಯರೊಬ್ಬರು ಬಂದು "ಯಾರ ಗಾಡಿರಿ ಇದು?" ಅಂದರು. ಅವ್ವ ಎದ್ದು ಬಂದು "ನಮ್ಮದೇ ಅದ ಯಪ್ಪಾ, ನನ್ನ ಮಗ" ಎಂದ ಮೇಲೆ ಸರಿದರು.

ಆ ಗದ್ದಲದಲ್ಲಿ ಉಸ್ತಾದ್ ಫೋನಿನಲ್ಲಿ ಹೇಳಿದ್ದು ಕೇಳಿಸಿದ್ದು ಅರ್ಧ. "ಕ್ಲಚ್ ಪೂರಾ ತುಳೀರಿ. ಚಾವಿನ್ನ ಸ್ಟಾರ್ಟ್ ಬಟನ್ನಿಗೆ ಹಚ್ಚಿ ಹಿಡೀರಿ. ಹಚ್ಚಿ ಅಂದ್ರ ತಾಗೋ ಹಂಗ. ಬಟನ್ ದೀಪ ಬಣ್ಣ ಬದಲಾದಕೂಡ್ಲೆ ಒತ್ರಿ."

ಚಾವಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಟವೆಲಿನಿಂದ ಒರೆಸಿ, ಬಟನ್ನಿಗೆ ಅದರ ತಲೆ ತಾಗಿಸಿ ಹಿಡಿದೆ. ದೀಪ ಹಸಿರಾಯಿತು. ಒತ್ತಿದೆ. ಎಂಜಿನ್ ಶುರುವಾಯಿತು, ಬೊಬ್ಬೆ ನಿಂತಿತು. ಅವ್ವ ಇದನ್ನು ಇಂದಿಗೂ ದತ್ತನ ಪವಾಡ ಎಂದೇ ಹೇಳುತ್ತಾಳೆ. ನಾನು ಆಗ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಪವಾಡವಲ್ಲ ಎಂದು ಉಸ್ತಾದ್ ತಿಳಿಸಿ ಹೇಳಿದ್ದು ಮರುದಿನ, ಕಲಬುರಗಿಯಲ್ಲಿ, ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ. ಈ ಚಾವಿಯೊಳಗೆ ಎರಡು ಕೆಲಸದವರಿದ್ದಾರೆ. ಒಬ್ಬನಿಗೆ ಸೆಲ್ ಬೇಕು. ನಾವು ಹಿಡಿಕೆಯ ಬಟನ್ ಒತ್ತಿದಾಗ ಗಾಡಿ ಒಂದು ಸಣ್ಣ ಅಲೆ ಕಳಿಸಿ "ಯಾರು?" ಎಂದು ಕೇಳುತ್ತದೆ. ಆ ಪ್ರಶ್ನೆ ಬಾಗಿಲಿನಿಂದ ಹೆಚ್ಚೆಂದರೆ ಒಂದು ಮೀಟರ್ ಆಚೆ ಹೋಗುತ್ತದೆ. ಚಾವಿ ತನ್ನ ಸೆಲ್ಲಿನ ಶಕ್ತಿಯಿಂದ ಗುಟ್ಟಿನ ಉತ್ತರ ಕೊಡುತ್ತದೆ. ಎರಡನೆಯವನಿಗೆ ಸೆಲ್ಲೇ ಬೇಡ. ಗಾಡಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲಿ ಸೆಲ್ ಎಲ್ಲಿದೆ? ಟೋಲಿನ ಯಂತ್ರ ಎಸೆಯುವ ಅಲೆಯಿಂದಲೇ ಅದು ಜೀವ ಪಡೆದು ತನ್ನ ನಂಬರು ಹೇಳುತ್ತದೆ. ಚಾವಿಯೊಳಗಿನ ಎರಡನೇ ಚಿಪ್ಪೂ ಆ ಜಾತಿಯದೇ, ಆದರೆ ತೀರಾ ಹತ್ತಿರ ಬಂದರೆ ಮಾತ್ರ ಕೇಳುತ್ತದೆ. ಅದಕ್ಕೇ ಬಟನ್ನಿಗೆ ತಾಗಿಸಬೇಕು. ಇಬ್ಬರಲ್ಲಿ ಒಬ್ಬನಿಂದಾದರೂ ಸರಿಯಾದ ಉತ್ತರ ಸಿಗುವವರೆಗೆ ಗಾಡಿ ಎಂಜಿನ್ ಶುರು ಮಾಡಲು ಬಿಡುವುದಿಲ್ಲ. ಇಮ್ಮೊಬಿಲೈಸರ್ ಅನ್ನುವುದು ಇದನ್ನೇ. ಕಬ್ಬಿಣದ ಚಾವಿಯಿಂದ ಬಾಗಿಲು ತೆರೆದಾಗ ಗಾಡಿ ಕೂಗಿದ್ದೂ ತಪ್ಪಲ್ಲ. ರಿಮೋಟಿನಿಂದ ಮುಚ್ಚಿದ ಗಾಡಿಯನ್ನು ಯಾರೋ ಬೇರೆ ದಾರಿಯಿಂದ ತೆರೆದರು ಎಂದು ಅದು ತಿಳಿಯಿತು, ಸರಿಯಾದ ಚಿಪ್ಪು ಸಿಕ್ಕ ಮೇಲೆ ಸುಮ್ಮನಾಯಿತು.

ಚಾವಿ ಬಿಚ್ಚಿದೆವು. ಅಂಚಿನ ಸಂದಿಗೆ ರೂಪಾಯಿ ನಾಣ್ಯ ಇಟ್ಟು ತಿರುವಿದರೆ ಎರಡು ಹೋಳು. ಒಳಗಿನ ಸೆಲ್ ಸಿಆರ್ 2032. ಈ ಅಂಕಿಯ ಗುಟ್ಟೂ ಅಲ್ಲೇ ತಿಳಿಯಿತು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಉಸ್ತಾದ್ ಸೆಲ್ ತೆಗೆದು, ಬೋರ್ಡನ್ನು ಸ್ಪಿರಿಟ್‌ನಲ್ಲಿ ಬ್ರಷ್ಷಿನಿಂದ ತಿಕ್ಕಿ, ನೆರಳಿನಲ್ಲಿ ಒಣಗಲು ಬಿಟ್ಟರು. ಬಿಸಿಲಿಗೆ ಇಡೋಣವೇ ಎಂದೆ. "ನಮ್ಮೂರ ಬಿಸಲಾಗ ಇಟ್ರ ಚಾವಿ ಹಪ್ಪಳ ಆಗ್ತದ ಸರ್" ಎಂದರು. ಮೊದಲು ಒಮ್ಮೆ ಸೆಲ್ ದುರ್ಬಲವಾದಾಗ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ ಅಗ್ಗದ್ದನ್ನು ಹಾಕಿಸಿದ್ದೆ, ಮೂರು ತಿಂಗಳೂ ಬಾಳಲಿಲ್ಲ. ಈಗ ಒಳ್ಳೇ ಕಂಪನಿಯದ್ದನ್ನೇ, ಪ್ಯಾಕೆಟ್ ಮೇಲಿನ ತಾರೀಕು ನೋಡಿ ತರುತ್ತೇನೆ. ಹಳೇದನ್ನು ತೆಗೆಯುವ ಮುಂಚೆ ಪ್ಲಸ್ ಬದಿ ಯಾವ ಕಡೆ ಇತ್ತು ಎಂದು ಫೋನಿನಲ್ಲಿ ಒಂದು ಫೋಟೋ. ಹಳೇ ಸೆಲ್ಲನ್ನು ಮಕ್ಕಳ ಕೈಗೆ ಸಿಗುವ ಹಾಗೆ ಬಿಡಬೇಡಿ. ನುಂಗಿದರೆ ಅನ್ನನಾಳವನ್ನು ಸುಟ್ಟುಬಿಡುತ್ತದೆ, ಗಂಟೆಗಳ ಲೆಕ್ಕದಲ್ಲಿ.

ಆ ಭಾನುವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಒಂದೊಂದಾಗಿ ಎಲ್ಲ ಪರೀಕ್ಷೆ ಮಾಡಿದೆ. ಕಂಪನಿಯ ವೆಬ್‌ಸೈಟಿನಿಂದ ಮ್ಯಾನ್ಯುವಲ್ ಇಳಿಸಿಕೊಂಡಿದ್ದೆ, ಬಿಟ್ಟಿ ಸಿಗುತ್ತದೆ. ಎಂಟನೇ ಕ್ಲಾಸಿನ ಮಗಳು ಓದುವವಳು, ನಾನು ಮಾಡುವವನು.

ಮೊದಲು ಬಂದದ್ದು ನಾನು ಎಂದೂ ಗಮನಿಸದ ಸಂಗತಿ. ಕ್ಲಚ್ ತುಳಿಯದೆ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿದರೆ ರೇಡಿಯೋ ಮಾತ್ರ, ಇನ್ನೊಮ್ಮೆ ಒತ್ತಿದರೆ ಮೀಟರ್ ದೀಪಗಳೆಲ್ಲ, ಮತ್ತೊಮ್ಮೆ ಒತ್ತಿದರೆ ಬಂದ್. ಅವ್ವ ಕಾರಿನಲ್ಲಿ ಕೂತು ವಚನ ಕೇಳುವಾಗ ನಾನು ಎರಡು ಸಲ ಒತ್ತಿ ಹೋಗುತ್ತಿದ್ದೆ. ಬ್ಯಾಟರಿ ಎರಡು ಸಲ ಕೂತದ್ದು ಯಾಕೆಂದು ಈಗ ತಿಳಿಯಿತು. ಅಷ್ಟರವರೆಗೆ ಬ್ಯಾಟರಿ ಮಾರಿದವನಿಗೆ ಬೈದಿದ್ದೆ, ಪಾಪ.

ಓಡುವಾಗ ಎಂಜಿನ್ ಬಂದ್ ಮಾಡಬೇಕಾಗಿ ಬಂದರೆ? ನನ್ನ ಗಾಡಿಯಲ್ಲಿ ಬಟನ್ನನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು ಎಂದಿದೆ. ಒಂದು ಸಲ ಮುಟ್ಟಿದರೆ ಬಂದ್ ಆಗದಿರುವುದು ಒಳ್ಳೆಯದೇ, ಮಕ್ಕಳು ಮುಂದೆ ಕೂತಿರುತ್ತಾರೆ. ಇದನ್ನು ನಾನು ರಸ್ತೆಯ ಮೇಲೆ ಮಾಡಿ ನೋಡಿಲ್ಲ, ನೋಡುವುದೂ ಇಲ್ಲ. ಎಂಜಿನ್ ಹೋದರೆ ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಕಲ್ಲಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಹೆಂಡತಿಯ ನೆರವು ಬೇಕಾಯಿತು. ಎಂಜಿನ್ ಓಡುತ್ತಿರುವಾಗ ಚಾವಿಯನ್ನು ಅವಳ ಕೈಗೆ ಕೊಟ್ಟು ಓಣಿಯ ತುದಿಗೆ ಹೋಗು ಎಂದೆ. ಬಾಗಿಲು ಮುಚ್ಚುತ್ತಲೇ ಗಾಡಿ ಪೀಂ ಪೀಂ ಎಂದಿತು, ಚಾವಿ ಇಲ್ಲ ಎಂದು ಮೀಟರಿನಲ್ಲಿ ತೋರಿಸಿತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ನಿಲ್ಲಬಾರದು ಕೂಡ, ಹೆದ್ದಾರಿಯಲ್ಲಿ ಸೆಲ್ ಸತ್ತರೆ ಗಾಡಿ ನಡುರಸ್ತೆಯಲ್ಲಿ ನಿಂತು ಬಿಟ್ಟೀತು. ಆದರೆ ನಾನು ಬಂದ್ ಮಾಡಿದ ಮೇಲೆ ಮತ್ತೆ ಶುರುವಾಗಲಿಲ್ಲ. ಅವಳನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟು, ಚಾವಿ ಅವಳ ಬ್ಯಾಗಿನಲ್ಲೇ ಸೋಲಾಪುರಕ್ಕೆ ಹೋಗಿ, ನಾನು ಹುಮನಾಬಾದಿನಲ್ಲಿ ಚಹಾಕ್ಕೆ ಇಳಿದು ಎಂಜಿನ್ ಬಂದ್ ಮಾಡಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. "ನೀವು ಅಲ್ಲೇ ಉಳೀತಿದ್ರಿ" ಎಂದಳು, ಸ್ವಲ್ಪ ಹೆಚ್ಚೇ ಖುಷಿಯಿಂದ.

ಗ್ಲಾಸಿನ ಕಥೆ ಬೇರೆ. ರಿಮೋಟಿನ ಅನ್‌ಲಾಕ್ ಬಟನ್ ಒತ್ತಿ ಹಿಡಿದರೆ ನನ್ನ ಗಾಡಿಯ ನಾಲ್ಕೂ ಗ್ಲಾಸು ಇಳಿಯುತ್ತವೆ. ಎಲ್ಲ ಗಾಡಿಯಲ್ಲಿ ಇದು ಇಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಣುವ ಊರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ಶರಣಬಸವೇಶ್ವರ ಗುಡಿಯಿಂದ ಹೊರಗೆ ಬರುತ್ತ ದೂರದಿಂದಲೇ ಒತ್ತಿ ಹಿಡಿಯುತ್ತೇನೆ, ನಾವು ಮುಟ್ಟುವಷ್ಟರಲ್ಲಿ ಒಳಗಿನ ಕುದಿ ಅರ್ಧ ಇಳಿದಿರುತ್ತದೆ. ಆದರೆ ಜೂನಿನಲ್ಲಿ ಒಂದು ರಾತ್ರಿ ಮೇಜಿನ ಮೇಲಿದ್ದ ಚಾವಿಯ ಮೇಲೆ ನೋಟ್‌ಬುಕ್ಕಿನ ಕಟ್ಟು ಇಟ್ಟುಬಿಟ್ಟೆ. ಅದರ ಭಾರಕ್ಕೆ ಬಟನ್ ಒತ್ತಿಕೊಂಡಿತು. ಬೆಳಿಗ್ಗೆ ನೋಡಿದರೆ ನಾಲ್ಕೂ ಗ್ಲಾಸು ಕೆಳಗೆ, ರಾತ್ರಿಯ ಮಳೆ ಎಲ್ಲಾ ಸೀಟಿನಲ್ಲಿ, ಹಿಂದಿನ ಸೀಟಿನ ಒಣ ಮೂಲೆಯಲ್ಲಿ ಒಂದು ಬೆಕ್ಕು. ವಾಸನೆ ಹೋಗಲು ಹದಿನೈದು ದಿನ ಹಿಡಿಯಿತು.

ಉಸ್ತಾದ್ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಡ್ರೈವರ್ ಗ್ಲಾಸು ಒಂದೇ ಒತ್ತಿಗೆ ಪೂರ್ತಿ ಏರುವುದನ್ನು ಮರೆತಿತ್ತು. ಕೆಟ್ಟಿತೆಂದು ನಾನು ತಿಳಿದಿದ್ದೆ. ಮಗಳು ಓದಿ ಹೇಳಿದಂತೆ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಏರಿದ ಮೇಲೂ ಸ್ವಿಚ್ಚನ್ನು ಕೆಲ ಸೆಕೆಂಡ್ ಜಗ್ಗಿ ಹಿಡಿದೆ. ಮತ್ತೆ ಕಲಿಯಿತು. ಏರುವ ಗ್ಲಾಸಿಗೆ ಏನಾದರೂ ಅಡ್ಡ ಬಂದರೆ ಹಿಂದೆ ಸರಿಯುತ್ತದೆಯೋ ಎಂದೂ ನೋಡಬೇಕಿತ್ತು. "ಕಡಕ್ ರೊಟ್ಟಿ ಇಟ್ಟು ನೋಡೂಣೇನ್ರಿ ಅಪ್ಪಾಜಿ?" ಎಂದಳು. ಪೇಪರ್ ಸುರುಳಿ ಮಾಡಿ ಇಟ್ಟೆವು. ಡ್ರೈವರ್ ಗ್ಲಾಸು ಸುರುಳಿ ತಾಗಿದ ಕೂಡಲೇ ಕೆಳಗಿಳಿಯಿತು. ಹಿಂದಿನ ಗ್ಲಾಸು ಪೇಪರನ್ನು ಕಚ್ಚಿ ಹಿಡಿದು ಹಿಂಡಿತು. ಆ ಕಾವಲು ಇದ್ದದ್ದು ನನ್ನ ಕಿಟಕಿಗೆ ಮಾತ್ರ, ಮಕ್ಕಳು ಕೂರುವ ಕಿಟಕಿಗೆ ಇಲ್ಲ. ಗಾಡಿ ಮಾಡಿದವರ ಈ ಲೆಕ್ಕ ನನಗೆ ಇನ್ನೂ ಅರ್ಥವಾಗಿಲ್ಲ. ಅಂದಿನಿಂದ ಹಿಂದಿನ ಗ್ಲಾಸುಗಳ ಲಾಕ್ ಸ್ವಿಚ್ ಒತ್ತಿಯೇ ಇಟ್ಟಿದ್ದೇನೆ.

ಇನ್ನು ಕಳ್ಳರ ವಿಷಯ. ಒಬ್ಬ ಮನೆಯ ಬಾಗಿಲ ಬಳಿ ಒಂದು ಯಂತ್ರ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಗಾಡಿಯ ಬಳಿ. ಗಾಡಿಯ "ಯಾರು?" ಎಂಬ ಪ್ರಶ್ನೆಯನ್ನು ಇವರು ಚಾವಿಯವರೆಗೆ ಹೊತ್ತು ತರುತ್ತಾರೆ. ಮಲಗಿದ ನಿಮ್ಮ ಚಾವಿ ಪಾಪ ಉತ್ತರ ಕೊಟ್ಟುಬಿಡುತ್ತದೆ. ನನ್ನ ಚಾವಿ ಮುಂಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು, ಗೋಡೆಯ ಆಚೆಗೇ ಗಾಡಿ. ಅಷ್ಟು ಹತ್ತಿರ ಇಟ್ಟರೆ ಚಾವಿ-ಗಾಡಿ ರಾತ್ರಿಯೆಲ್ಲ ಮಾತಾಡಿ ಸೆಲ್ಲೂ ಬೇಗ ಮುಗಿಯುತ್ತದೆ ಎಂದು ಮ್ಯಾನ್ಯುವಲ್ ಹೇಳಿತು. ಡಬ್ಬಿಯಲ್ಲಿಟ್ಟು ನೋಡೋಣ ಎಂದು ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ತಂದೆ, ಚಾವಿ ಹಾಕಿ ಮುಚ್ಚಳ ಹಾಕಿ ಬಾಗಿಲಿಗೆ ಹಿಡಿದು ಬಟನ್ ಒತ್ತಿದೆ. ಬಾಗಿಲು ತೆರೆಯಿತು! ಮುಚ್ಚಳ ಸಡಿಲ. ಬಿಗಿ ಮುಚ್ಚಳದ ಇನ್ನೊಂದು ಡಬ್ಬಿಯಲ್ಲಿ ತೆರೆಯಲಿಲ್ಲ. ಈಗ ಚಾವಿ ಅದರಲ್ಲಿ, ಅಡುಗೆಮನೆಯ ಒಳಗಿನ ಕಪಾಟಿನಲ್ಲಿ. ಡಬ್ಬಿ ಯಾವುದಾದರೂ ಸರಿ, ಗಾಡಿಯ ಪಕ್ಕ ನಿಂತು ಹೀಗೆ ಒಮ್ಮೆ ನೋಡಿಯೇ ನಂಬಬೇಕು.

ಎರಡನೇ ಚಾವಿ ಮಾಡಿಸಲು ಸರ್ವಿಸ್ ಸೆಂಟರ್‌ಗೆ ಹೋದಾಗ ಕಂಪ್ಯೂಟರ್ ಹಚ್ಚಿ ನೋಡಿದ ಹುಡುಗ, "ಸರ್, ಇದರಾಗ ಎರಡು ಚಾವಿ ರಿಜಿಸ್ಟರ್ ಅವ. ಇನ್ನೊಂದೆಲ್ಲಿ ಅದ?" ಎಂದು ಕೇಳಿದ. ಕಳೆದದ್ದು ಎಂದು ಮಾರಿದವರು ಹೇಳಿದ್ದು ನಿಜವೇ ಇರಬಹುದು. ಆದರೂ ಒಂದು ವರ್ಷ ಎಲ್ಲೋ ಯಾರದೋ ಡ್ರಾದಲ್ಲಿ ನನ್ನ ಗಾಡಿ ತೆರೆಯುವ ಚಾವಿಯೊಂದು ಇತ್ತಲ್ಲ! ಅದನ್ನು ಅಳಿಸಿ ಹಾಕಿಸಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಈ ಕೆಲಸವನ್ನು ಆರ್.ಸಿ. ಹೆಸರು ಬದಲಿಸುವ ವಾರದಲ್ಲೇ ಮಾಡಿಸಿ. ಹೋಗುವಾಗ ಮನೆಯಲ್ಲಿರುವ ಚಾವಿಗಳನ್ನೆಲ್ಲ ಒಯ್ಯಿರಿ, ಇಲ್ಲದಿದ್ದರೆ ಬಿಟ್ಟುಹೋದ ಚಾವಿಯೂ ಪಟ್ಟಿಯಿಂದ ಅಳಿಸಿ ಹೋಗಬಹುದು. ಹೊಸ ಚಾವಿಗೆ ಆದ ಖರ್ಚು ಕೇಳಿ ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮುಳುಗಿದ ಚಾವಿ ಸಾಯಲಿಲ್ಲ. ಹೊಸ ಸೆಲ್ ಹಾಕಿದ ಮೇಲೆ ಎದ್ದಿತು. ಅನ್‌ಲಾಕ್ ಬಟನ್ ಮಾತ್ರ ಎರಡು ಸಲ ಒತ್ತಿದರೇ ಕೇಳುತ್ತದೆ. ಮುಂದಿನ ಸಲ ಗಾಣಗಾಪುರಕ್ಕೆ ಹೋದಾಗ ನಾನು ಅಂಗಿ ಬಿಚ್ಚುವ ಮುಂಚೆಯೇ ಅವ್ವ ಕೈ ಚಾಚಿದಳು. ಚಾವಿ ತೆಗೆದುಕೊಂಡು, ಸೆರಗಿನ ತುದಿಗೆ ಎರಡು ಗಂಟು ಹಾಕಿ, "ಈಗ ಮುಳುಗು" ಎಂದಳು.