ಬಿರುಬಿಸಿಲಲ್ಲಿ ಬೈಕ್ ಸವಾರಿ: ಜಾಕೆಟ್ ಬಿಚ್ಚದೆ ತಂಪಾಗಿರುವುದು ಹೇಗೆ?

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಕುಷ್ಟಗಿ ದಾಟಿ ಇಳಕಲ್ ಕಡೆ ಹೊರಟಿದ್ದೆ. ಜಾಕೆಟ್ಟಿನ ಜಿಪ್ ಎದೆಯವರೆಗೆ ಇಳಿಸಿ, ತೋಳಿನ ಗಾಳಿಕಿಂಡಿ, ಅಂದರೆ ವೆಂಟ್‌ಗಳನ್ನೆಲ್ಲ ತೆರೆದು, ಹೆಲ್ಮೆಟ್ಟಿನ ವೈಸರನ್ನೂ ಮೇಲೆತ್ತಿದ್ದೆ. ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ರೊಟ್ಟಿ ಹೆಂಚಿನ ಮುಂದೆ ಮುಖ ಇಟ್ಟ ಹಾಗಿತ್ತು. ಬೆವರೇ ಇಲ್ಲ. ಮೈ ಒಣಒಣ. ಕಾಲರಿನ ಮೇಲೆ ಉಪ್ಪಿನ ಬಿಳಿ ಗೆರೆ. ರಸ್ತೆ ಬದಿಯ ಚಹಾದಂಗಡಿ ಮುಂದೆ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಹಾಕಿದೆ ಅಂದುಕೊಂಡು ಇಳಿದೆ. ಹಾಕಿರಲಿಲ್ಲ. ಗಾಡಿಯೂ ನಾನೂ ಒಟ್ಟಿಗೇ ನೆಲಕ್ಕೆ.

ಅಂಗಡಿಯ ಅಜ್ಜ ಓಡಿ ಬಂದರು. "ಇಂಥಾ ಬಿಸಲಾಗ ಎಲ್ಲಿಗ್ ಹೊಂಟೀಯೋ ತಮ್ಮಾ? ಮೊದಲ ಆ ಕೋಟ ಬಿಚ್ಚು" ಎಂದು ನೆರಳಿಗೆ ಕೂರಿಸಿದರು. ಹೆಗಲ ಮೇಲಿನ ವಲ್ಲಿಯನ್ನು ನೀರಲ್ಲಿ ಅದ್ದಿ ನನ್ನ ಕುತ್ತಿಗೆಗೆ ಸುತ್ತಿದರು. ಎರಡೇ ನಿಮಿಷಕ್ಕೆ ತಲೆ ಸ್ವಲ್ಪ ತಿಳಿಯಾಯಿತು. ಅಲ್ಲೇ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ ಇತ್ತು, ಸುತ್ತ ಗೋಣಿಚೀಲ. ಅಜ್ಜ ಆಗಾಗ ಎದ್ದು ಹೋಗಿ ಆ ಗೋಣಿಗೆ ಒಂದು ಚೊಂಬು ನೀರು ಚಿಮುಕಿಸಿ ಬರುತ್ತಿದ್ದರು. ವರ್ಷಗಟ್ಟಲೆ ಗೇರ್, ಅಂದರೆ ಸವಾರಿಯ ಜಾಕೆಟ್, ಹೆಲ್ಮೆಟ್, ಬೂಟು ಹಾಕಿಕೊಂಡು ಓಡಾಡಿದ್ದ ನನಗೆ ಅದುವರೆಗೆ ತಿಳಿಯದಿದ್ದ ವಿಷಯ ಆ ಗಡಿಗೆಯಲ್ಲಿತ್ತು.

ಗಾಳಿ ಯಾವಾಗ ತಂಪು, ಯಾವಾಗ ಬಿಸಿ?

ನಮ್ಮ ಚರ್ಮ ಸುಮಾರು 35 ಡಿಗ್ರಿಯಲ್ಲಿ ಇರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ, ಎಷ್ಟು ಗಾಳಿ ಬಂದರೆ ಅಷ್ಟು ಒಳ್ಳೆಯದು. ಗಾಳಿಯೇ 41 ಡಿಗ್ರಿ ಇದ್ದರೆ? ಆಗ ಅದು ಮೈಯ ಬಿಸಿಯನ್ನು ಒಯ್ಯುವುದಿಲ್ಲ, ತನ್ನ ಬಿಸಿಯನ್ನೇ ತಂದು ಸುರಿಯುತ್ತದೆ. ಅಲ್ಲಿಂದ ಮುಂದೆ ಮೈಯನ್ನು ತಣ್ಣಗಿಡುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ.

ನಾನು ಬೆವರುತ್ತಿಲ್ಲ ಎಂದುಕೊಂಡಿದ್ದೆನಲ್ಲ, ಅದು ತಪ್ಪು. ಬೆವರುತ್ತಿದ್ದೆ. 80 ಕಿಲೋಮೀಟರ್ ವೇಗದ ಒಣಗಾಳಿ ಅದು ಕಾಣುವ ಮೊದಲೇ ನೆಕ್ಕಿಕೊಂಡು ಹೋಗುತ್ತಿತ್ತು. ಆವಿಯಾಗಲು ನೀರು ಬೇಕೇ ಬೇಕು. ಆ ನೀರು ಮೈಯೊಳಗಿಂದ ಹೋಗಬೇಕೋ, ಹೊರಗಿಂದ ಹಾಕಿದ್ದು ಹೋಗಬೇಕೋ ಅನ್ನುವುದಷ್ಟೇ ಪ್ರಶ್ನೆ. ಗಡಿಗೆಯ ಗೋಣಿ ಮಾಡುತ್ತಿದ್ದುದು ಇದೇ ಕೆಲಸ.

ಜಾಕೆಟ್ಟನ್ನು ಬಿಚ್ಚಿ ಹಿಂದಿನ ಸೀಟಿಗೆ ಕಟ್ಟಿಬಿಟ್ಟರೆ ಆಯ್ತಲ್ಲ ಅನ್ನುವವರಿಗೆ ಒಂದು ಮಾತು. ಬಿದ್ದಾಗ ಚರ್ಮ ಕಿತ್ತುಹೋಗುವ ಮಾತು ಹಾಗಿರಲಿ, ತಂಪಿನ ಲೆಕ್ಕದಲ್ಲೂ ಅದು ನಷ್ಟವೇ. ಬರಿಮೈಗೆ ಬಿಸಿಲೂ ನೇರ, ಬಿಸಿಗಾಳಿಯೂ ನೇರ. ಹೊಲದಲ್ಲಿ ದುಡಿಯುವವರು ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಸುತ್ತುವುದು ಸುಮ್ನೆ ಅಲ್ಲ.

ಹೆಜ್ಜೆ 1: ಹೊರಡುವ ಹೊತ್ತು

ಯಾವ ಗೇರ್ ಕೊಂಡರೂ ಗಡಿಯಾರದಷ್ಟು ತಂಪು ಕೊಡುವುದಿಲ್ಲ. ಬೆಂಗಳೂರಿನಿಂದ ವಿಜಯಪುರಕ್ಕೆ ಹೋಗುವಿರಾದರೆ ಬೆಳಗಿನ ಜಾವ ನಾಲ್ಕೂವರೆಗೆ ಗಾಡಿ ಹತ್ತಿ. ಚಿತ್ರದುರ್ಗ ಸುಮಾರು 200 ಕಿಲೋಮೀಟರ್. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ತಿಂಡಿಯ ಸಮಯ ಆಗಿರುತ್ತದೆ. ಅಲ್ಲಿಂದ ಹೆದ್ದಾರಿ 50 ಹಿಡಿದರೆ ಹನ್ನೊಂದರ ಒಳಗೆ ಹೊಸಪೇಟೆ. ಅಲ್ಲಿ ನಿಲ್ಲಿ. ಊಟ ಮಾಡಿ, ಒಂದು ನಿದ್ದೆ ತೆಗೆದು, ನಾಲ್ಕರ ಮೇಲೆ ಹೊರಡಿ. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಸರ್ಕಾರವೇ ಮನೆಗೆ ಹೋಗುವ ಹೊತ್ತಲ್ಲಿ ನಾವು ರಸ್ತೆಯಲ್ಲಿ ಏನು ಮಾಡುವುದು?

ಹಾಗಂತ ಎಲ್ಲ ಸಲವೂ ಇದು ಆಗುವುದಿಲ್ಲ. ಪಂಕ್ಚರ್ ಆಗುತ್ತದೆ, ಜೊತೆಗಾರ ತಡವಾಗಿ ಏಳುತ್ತಾನೆ. ಉಳಿದ ಹೆಜ್ಜೆಗಳು ಅಂಥ ದಿನಕ್ಕೆ.

ಹೆಜ್ಜೆ 2: ಬಟ್ಟೆ

ಮೊದಲು ಮಳೆಯ ಲೈನರ್, ಅಂದರೆ ಜಾಕೆಟ್ಟಿನೊಳಗಿನ ನೀರು ತಡೆಯುವ ಪದರ, ತೆಗೆದು ಮನೆಯಲ್ಲೇ ಬಿಡಿ. ಅದು ಒಳಗಿದ್ದರೆ ವೆಂಟ್ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಮೇ ತಿಂಗಳ ಗುಡುಗು ಮಳೆಗೆ ಜಾಕೆಟ್ ಮೇಲೆ ಹಾಕುವ ಬೇರೆ ರೇನ್‌ಕೋಟ್ ಸಾಕು.

ಮೆಶ್ ಜಾಕೆಟ್, ಅಂದರೆ ಜಾಲರಿ ಬಟ್ಟೆಯದ್ದು, 35 ಡಿಗ್ರಿಯವರೆಗೆ ಸುಖ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಎದೆ, ಬೆನ್ನಿನಲ್ಲಿ ದೊಡ್ಡ ತೂತಿದ್ದರೆ ಪರವಾಗಿಲ್ಲ. ಭುಜ ಮತ್ತು ಮೊಣಕೈಯಲ್ಲಿ ಮಾತ್ರ ಗಟ್ಟಿ ನೇಯ್ಗೆ ಇರಬೇಕು, ಬಿದ್ದಾಗ ಮೊದಲು ಉಜ್ಜುವುದು ಅದೇ ಜಾಗ. ಒಳಗಿನ ಚೀಟಿಯಲ್ಲಿ ಇಎನ್ 17092 (ಬೈಕ್ ಉಡುಪಿನ ಯುರೋಪಿನ ಮಾನದಂಡ) ಎಂದಿದ್ದರೆ ಪಕ್ಕದಲ್ಲಿ ಸಾಮಾನ್ಯವಾಗಿ ಎ, ಎಎ ಅಥವಾ ಎಎಎ ದರ್ಜೆ ಇರುತ್ತದೆ. ಎ ಜಾಸ್ತಿಯಾದಷ್ಟೂ ಉಜ್ಜುವಿಕೆಗೆ ತಡೆ ಜಾಸ್ತಿ. ಸೆಕೆಗೆ ಇರಲಿ ಎಂದು ಒಂದು ಸೈಜ್ ದೊಡ್ಡದು ಕೊಳ್ಳಬೇಡಿ. ಸಡಿಲ ಜಾಕೆಟ್ಟಿನಲ್ಲಿ ಮೊಣಕೈಯ ಆರ್ಮರ್, ಅಂದರೆ ಪೆಟ್ಟು ತಡೆಯುವ ಪ್ಯಾಡ್, ಜರುಗಿ ಎಲ್ಲೋ ಇರುತ್ತದೆ. ಆರ್ಮರ್ ತೆಗೆದುಬಿಡುವವರನ್ನೂ ನೋಡಿದ್ದೇನೆ. ಅದಕ್ಕಿಂತ ಟಿ-ಶರ್ಟ್ ಹಾಕಿಕೊಂಡೇ ಹೋಗಬಹುದು, ದುಡ್ಡಾದರೂ ಉಳಿಯುತ್ತದೆ.

ಒಳಗೆ ತುಂಬುತೋಳಿನ, ಮೈಗೆ ಅಂಟುವ ತೆಳು ಪಾಲಿಯೆಸ್ಟರ್ ಜರ್ಸಿ ಹಾಕಿ. ಹತ್ತಿ ಬನಿಯನ್ ಒದ್ದೆಯಾದರೆ ಭಾರವಾಗಿ ಮಡಿಕೆ ಬೀಳುತ್ತದೆ. ಬೆವರಿದ ತೋಳನ್ನು ಜಾಕೆಟ್ಟಿನಿಂದ ಎಳೆಯುವ ಕುಸ್ತಿ ಗೊತ್ತಿದ್ದವರಿಗೆ ತುಂಬುತೋಳಿನ ಬೆಲೆಯೂ ಗೊತ್ತು.

ಹೆಜ್ಜೆ 3: ಒದ್ದೆ ಮಾಡಿ, ಮುಚ್ಚಿ

ಇದೇ ಮುಖ್ಯ ಪಾಠ. ಪೆಟ್ರೋಲ್ ಬಂಕಿನ ನಲ್ಲಿಯ ಹತ್ತಿರ ಹೋಗಿ. ಮೊಬೈಲ್, ಪರ್ಸು, ಆರ್‌ಸಿ ಎಲ್ಲವನ್ನೂ ಜಾಕೆಟ್ ಜೇಬಿನಿಂದ ತೆಗೆದು ಟ್ಯಾಂಕ್ ಬ್ಯಾಗಿಗೆ ಹಾಕಿ (ನಾನು ಒಮ್ಮೆ ಮರೆತು ಇನ್ಶೂರೆನ್ಸ್ ಕಾಗದವನ್ನು ಮುದ್ದೆ ಮಾಡಿದ್ದೇನೆ). ಜರ್ಸಿ ಕಳಚಿ ಪೂರ್ತಿ ನೆನೆಸಿ. ನೀರು ಧಾರೆಯಾಗಿ ಸುರಿಯದಷ್ಟು ಹಿಂಡಿ, ಹಾಗೇ ಹಾಕಿಕೊಳ್ಳಿ. ಮೊದಲ ಕ್ಷಣ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಸ್ವರ್ಗ. ಮೇಲೆ ಜಾಕೆಟ್ ಹಾಕಿ.

ಈಗ ಮನಸ್ಸು ಒಪ್ಪದ ಕೆಲಸ: ಜಿಪ್ ಮುಚ್ಚಿ. ಎದೆಯ ವೆಂಟ್ ಮುಚ್ಚಿ. ಮುಂಗೈಯ ಹತ್ತಿರ ಒಂದು ಬೆರಳು ಹೋಗುವಷ್ಟು, ಕುತ್ತಿಗೆಯಲ್ಲಿ ಎರಡು ಬೆರಳಷ್ಟು ಸಂದು ಬಿಡಿ. ಬೆನ್ನಿನ ವೆಂಟ್ ಇದ್ದರೆ ತೆರೆದಿರಲಿ. ತೋಳಿನಿಂದ ಒಳಹೊಕ್ಕ ಗಾಳಿ ಒದ್ದೆ ಬಟ್ಟೆ ಸವರಿಕೊಂಡು ಬೆನ್ನಿಂದ ನಿಧಾನವಾಗಿ ಹೊರಗೆ ಹೋಗುತ್ತದೆ. ಎಲ್ಲ ತೆರೆದರೆ ಹತ್ತೇ ನಿಮಿಷಕ್ಕೆ ಜರ್ಸಿ ಗರಿಗರಿ. ಹೀಗೆ ಮುಚ್ಚಿದರೆ ನನಗೆ ಮುಕ್ಕಾಲು ಗಂಟೆಯಾದರೂ ತಡೆಯುತ್ತದೆ. ಮೆಶ್ ಜಾಕೆಟ್ಟಿನಲ್ಲಿ ಗಾಳಿ ತಡೆಯಲು ಆಗುವುದಿಲ್ಲ, ಅದಕ್ಕೇ 40 ದಾಟಿದ ಮೇಲೆ ವೆಂಟ್ ಇರುವ ದಪ್ಪ ಬಟ್ಟೆಯ ಜಾಕೆಟ್ಟೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಇರುವುದು ಮೆಶ್ ಒಂದೇ ಆದರೆ ಅದರ ಮೇಲೆ ತೆಳು ವಿಂಡ್‌ಚೀಟರ್ ಹಾಕಿ, ಸ್ವಲ್ಪ ಸಂದು ಬಿಡಿ. ನೋಡಿದವರು ನಗಬಹುದು.

ಕುತ್ತಿಗೆಗೆ ಒದ್ದೆ ಬಟ್ಟೆ ಇರಲಿ, ತುದಿಗಳು ಕಾಲರಿನೊಳಗೆ. ಹಾರಾಡುವ ಬಟ್ಟೆ ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಗತಿ ಏನು? ಪ್ಯಾಂಟನ್ನು ಮಾತ್ರ ನೆನೆಸಬೇಡಿ. ಒದ್ದೆ ಸೀಟಿನಲ್ಲಿ ನೂರು ಕಿಲೋಮೀಟರ್ ಕೂತರೆ ತೊಡೆ ಉಜ್ಜಿ ಕೆಂಪಾಗುತ್ತದೆ. ಮರುದಿನದ ಸವಾರಿ ನಿಂತುಕೊಂಡೇ.

ಕರಾವಳಿಗೆ ಈ ಪಾಠ ನಡೆಯದು

ಕಲಬುರಗಿಯ ಮನೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನಲ್ಲಿ ಅದೇ ಕೂಲರ್ ಕೋಣೆಯನ್ನು ಇಡ್ಲಿಪಾತ್ರೆ ಮಾಡುತ್ತದೆ. ಒದ್ದೆ ಜರ್ಸಿಯದ್ದೂ ಅದೇ ಕಥೆ. ಉಡುಪಿ, ಕಾರವಾರದ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಬಟ್ಟೆಯ ನೀರು ಆವಿಯಾಗಲು ಜಾಗವೇ ಇಲ್ಲ. ಅಲ್ಲಿ ಮೆಶ್ ಹಾಕಿ, ಎಲ್ಲ ತೆರೆದು, ನಿಲ್ಲದೆ ಸಾಗಿ. ನಿಂತರೆ ನೆರಳಲ್ಲೇ ನಿಲ್ಲಿ, ನಿಂತ ತಕ್ಷಣ ಜಾಕೆಟ್ ಬಿಚ್ಚಿ. ಕಪ್ಪು ಬಣ್ಣದ ಜಾಕೆಟ್ ಕಾಟ ಕೊಡುವುದು ಹೆಚ್ಚಾಗಿ ನಿಂತಾಗಲೇ.

ಹೆಜ್ಜೆ 4: ತಲೆ, ಕೈ, ಕಾಲು

ಹೆಲ್ಮೆಟ್ಟಿನೊಳಗೆ ತೆಳು ಬಾಲಾಕ್ಲಾವಾ (ತಲೆ, ಮುಖ, ಕುತ್ತಿಗೆ ಮುಚ್ಚುವ ಬಟ್ಟೆ ಟೊಪ್ಪಿ) ಒದ್ದೆ ಮಾಡಿ ಹಾಕಿ. 40 ದಾಟಿದರೆ ವೈಸರ್ ಕೆಳಗಿರಲಿ. ಬಿಸಿಗಾಳಿಗೆ ಕಣ್ಣು ಒಣಗಿ ಉರಿಯುತ್ತದೆ, ತುಟಿ ಒಡೆಯುತ್ತದೆ. ಗ್ಲೌಸ್ ತೂತಿರುವುದು ಸಾಕು. ಬೂಟು ಬಿಡಬೇಡಿ, ಇಂಜಿನ್ ಶಾಖ ನೇರ ಬಡಿಯುವುದು ಕಣಕಾಲಿಗೇ.

ಹೆಜ್ಜೆ 5: ಕುಡಿಯುವುದು

ಬಾಯಾರಿದಾಗ ಕುಡಿಯೋಣ ಎಂದರೆ ತಡವಾಗಿರುತ್ತದೆ. ಬೆನ್ನಿಗೆ ಕೊಳವೆಯಿರುವ ಎರಡು ಲೀಟರಿನ ನೀರಿನ ಚೀಲ ಇದ್ದರೆ ಗಾಡಿ ನಿಲ್ಲಿಸದೆ ಹೀರಬಹುದು. 15–20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಒಳಗೆ ಹೋಗಲಿ. ಕೊಳವೆಯಲ್ಲಿ ನಿಂತ ನೀರು ಚಹಾದಷ್ಟು ಬಿಸಿಯಾಗುತ್ತದೆ, ಹೀರಿದ ಮೇಲೆ ಒಮ್ಮೆ ಹಿಂದಕ್ಕೆ ಊದಿಬಿಡಿ.

ಬರೀ ನೀರು ಸಾಲದು, ಕಾಲರಿನ ಮೇಲಿನ ಆ ಬಿಳಿ ಗೆರೆ ನೆನಪಿದೆಯಲ್ಲ? ಹೋದ ಉಪ್ಪು ವಾಪಸ್ ಬರಬೇಕು. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ಬೆಳಿಗ್ಗೆಯಿಂದ ಹೋಗಲೇ ಇಲ್ಲ ಅಂತ ನೆನಪಾದರೆ ಅಲ್ಲೇ ನಿಲ್ಲಿ.

ಯಾವಾಗ ಸವಾರಿ ಬಿಡಬೇಕು?

ತಲೆನೋವು, ವಾಕರಿಕೆ, ಮೀನಖಂಡದಲ್ಲಿ ಸೆಳೆತ. ಗೇರ್ ಬದಲಿಸುವುದು ಮರೆಯುವುದು, ಇಂಡಿಕೇಟರ್ ಆರಿಸದೆ ಮೈಲುಗಟ್ಟಲೆ ಹೋಗುವುದು. ಸೈಡ್ ಸ್ಟ್ಯಾಂಡ್ ಹಾಕದೆ ಇಳಿಯುವುದೂ ಇದೇ ಪಟ್ಟಿಗೆ ಸೇರುತ್ತದೆ. ಇವು ಕಂಡರೆ ನೆರಳು, ನೀರು, ಕನಿಷ್ಠ ಒಂದು ಗಂಟೆ ವಿಶ್ರಾಂತಿ.

ಜೊತೆಗಾರ ಸಂಬಂಧವಿಲ್ಲದ್ದು ಮಾತಾಡಿದರೆ, ತಡವರಿಸಿದರೆ, ಕುಸಿದರೆ ಅದು ಬೇರೆ ಹಂತ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. 108ಕ್ಕೆ ಕರೆ ಮಾಡಿ. ಕಾಯುತ್ತ ಕೂರಬೇಡಿ, ಗೇರ್ ಬಿಚ್ಚಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ರಾತ್ರಿ ಲಾಡ್ಜಿಗೆ ಬಂದ ಮೇಲೆ ಒಂದು ಸಣ್ಣ ಕೆಲಸ. ಜರ್ಸಿಯನ್ನೂ ಕುತ್ತಿಗೆ ಬಟ್ಟೆಯನ್ನೂ ಬಕೆಟ್ಟಿನಲ್ಲಿ ಅದ್ದಿ ಉಪ್ಪು ಬಿಡಿಸಿ, ಇಲ್ಲದಿದ್ದರೆ ಮರುದಿನ ಕಂಕುಳು ಕೆರೆಯುತ್ತದೆ. ವಿಜಯಪುರದಲ್ಲಾದರೆ ಕಿಟಕಿಗೆ ನೇತುಹಾಕಿ ಹೋಗಿ, ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಒಣಗಿರುತ್ತದೆ. ಉಡುಪಿಯಲ್ಲಾದರೆ ಇನ್ನೊಂದು ಜರ್ಸಿ ತಂದಿರಬೇಕು.