ಬ್ರುಕ್ನರ್ ಎಫ್ ಮೈನರ್ ಮಾಸ್ ಮೊದಲ್ನೇ ಸಲ ಕೇಳೋರಿಗೆ

ಮಾಸ್ ಅಂದ್ರೆ ಚರ್ಚಿನ ಬಲಿಪೂಜೆಯ ಪ್ರಾರ್ಥನೆಗಳಿಗೆ ಸಂಗೀತ ಹಾಕಿದ ಕೃತಿ, ಇದನ್ನ ಬರೆದೋನು ಬ್ರುಕ್ನರ್. ಮೊದಲು ಒಂದ್ ಮಾತು, ಇದನ್ನ ಮಂಡ್ಯ-ಮೈಸೂರು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ಬೇಡಿ. ನಾನ್ ಕೇಳಿ ಪಾಠ ಕಲ್ತಿದೀನಿ. ಮೊದಲ್ನೇ ಭಾಗ ಕೀರಿಯೆ ಕೊನೇಲಿ ತೀರಾ ಮೆಲ್ಲಗಾಯ್ತು, ಬಸ್ ಸದ್ದು ಬಿಟ್ರೆ ಏನೂ ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಪೂರ್ತಿ ಏರಿಸ್ದೆ, ಅಷ್ಟರಲ್ಲಿ ಎರಡನೇ ಭಾಗ ಗ್ಲೋರಿಯಾ ಶುರುವಾಗಿ ಇಡೀ ಕೋರಸ್ಸು ಆರ್ಕೆಸ್ಟ್ರಾ ಒಟ್ಟಿಗೆ ಬಂದು ಕಿವಿಗೆ ಬಡೀತು, ನಾನು ಬೆಚ್ಚಿಬಿದ್ದಿದ್ದಕ್ಕೆ ಪಕ್ಕದ ಅಜ್ಜಿ "ಏನಾಯ್ತಪ್ಪ ಮಗ" ಅಂದ್ರು. ಅದಕ್ಕೇ ರಾತ್ರಿ ಊಟ ಆದ್ಮೇಲೆ ಮನೇಲಿ ಕೂತ್ಕೊಂಡು ಕೇಳಿ. ಗ್ಲೋರಿಯಾದ ಮೊದಲ ಹತ್ತು ಸೆಕೆಂಡ್ ಹಾಕಿ ಅದಕ್ಕೆ ಸರಿಯಾಗಿ ವಾಲ್ಯೂಮ್ ಇಟ್ಕೊಳ್ಳಿ, ಆಮೇಲೆ ಮುಟ್ಟಲೇಬೇಡಿ.

ಪೂರ್ತಿ ಕೇಳೋಕೆ ಸುಮಾರು ಒಂದ್ ಗಂಟೆ ಬೇಕು. ಮಾತೆಲ್ಲ ಲ್ಯಾಟಿನ್, ಕೀರಿಯೆ ಮಾತ್ರ ಗ್ರೀಕ್. ಭಯ ಬೇಡ, ನಮ್ಮ ಫಿಲೋಮಿನಾ ಚರ್ಚಲ್ಲಿ ಕನ್ನಡ ಬಲಿಪೂಜೆಗೆ ಕೂತವರಿಗೆ ಈ ಪ್ರಾರ್ಥನೆಗಳು ಗೊತ್ತೇ ಇರುತ್ತೆ, ಉಳಿದೋರು ನೆಟ್ಟಲ್ಲಿ ಅರ್ಥ ತೆಗೆದು ಪಕ್ಕದಲ್ಲಿಟ್ಕೊಂಡ್ರೆ ಸಾಕು.

ಬ್ರುಕ್ನರ್ ಬಗ್ಗೆ ಇಷ್ಟು ಗೊತ್ತಿರ್ಲಿ. ಆಸ್ಟ್ರಿಯಾದ ಲಿಂಜ್ ಕೆಥೆಡ್ರಲ್‌ನಲ್ಲಿ ಆರ್ಗನ್ ನುಡಿಸ್ತಿದ್ದ, ಮಹಾ ದೈವಭಕ್ತ. 1867ರಲ್ಲಿ ಮನಸ್ಸು ಪೂರಾ ಕೆಟ್ಟು, ಕಂಡಿದ್ದನ್ನೆಲ್ಲ ಎಣಿಸೋ ಗೀಳು ಹತ್ತಿ ಚಿಕಿತ್ಸೆಗೆ ಹೋಗಿದ್ದ, ಅಲ್ಲಿಂದ ಬಂದ ಮೇಲೆ ಶುರು ಮಾಡಿದ್ದು ಇದು, 1868ರಲ್ಲಿ ಮುಗಿಸ್ದ. ಮೊದಲ ಪ್ರದರ್ಶನ ಆಗಿದ್ದು 1872ರಲ್ಲಿ, ವಿಯೆನ್ನಾದ ಚರ್ಚೊಂದರಲ್ಲಿ.

ಈಗ ಕೇಳೋ ಕ್ರಮ. ನನ್ನ ಪ್ರಕಾರ ಮೊದಲಿಂದ ಶುರು ಮಾಡ್ಬೇಡಿ, ನೇರ ಕ್ರೆಡೋಗೆ ಹೋಗಿ, ಅಂದ್ರೆ "ನಾನು ನಂಬ್ತೀನಿ" ಅನ್ನೋ ಭಾಗ, ಇಪ್ಪತ್ತು ನಿಮಿಷದ ಹತ್ತಿರ ಇದೆ. ನಡುವೆ ದೇವರು ಮನುಷ್ಯನಾಗಿ ಹುಟ್ಟಿದ ಅನ್ನೋ ಮಾತಿಗೆ ಟೆನರ್, ಅಂದ್ರೆ ಎತ್ತರದ ದನಿಯ ಗಂಡು ಗಾಯಕ, ಒಬ್ಬನೇ ಹಾಡ್ತಾನೆ, ಜೊತೆಗೆ ಒಂದು ಪಿಟೀಲು, ಒಂದು ವಯೋಲಾ, ಅಂದ್ರೆ ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ. ಅದೇ ಕ್ರೆಡೋದಲ್ಲಿ ಶಿಲುಬೆ, ಸಮಾಧಿ ಆದ್ಮೇಲೆ ದನಿ ಪಾತಾಳಕ್ಕಿಳಿಯುತ್ತೆ, ಆಗ ಫೋನ್ ನೋಡ್ಬೇಡಿ, ಮುಂದಿನದೇ ಪುನರುತ್ಥಾನ. ಕೊನೇಲಿ ಒಂದು ಫ್ಯೂಗ್ ಬರುತ್ತೆ, ಅಂದ್ರೆ ಒಂದೇ ರಾಗದ ಸಾಲನ್ನ ಒಂದು ಗುಂಪು ಎತ್ಕೊಂಡ ಮೇಲೆ ಇನ್ನೊಂದು ಗುಂಪು ಅದನ್ನೇ ಎತ್ಕೊಂಡು ಬೆನ್ನಟ್ಟೋದು, ಅದರ ನಡುನಡುವೆ ಎಲ್ಲರೂ ಒಟ್ಟಿಗೆ "ಕ್ರೆಡೋ, ಕ್ರೆಡೋ" ಅಂತ ಕೂಗ್ತಾರೆ. ಎಷ್ಟು ಸಲ ಕೂಗಿದ್ರು ಅಂತ ಬೆರಳು ಮಡಚಿ ಎಣಿಸ್ತಾ ಕೂರಿ. ತಲೆ ಕೆಟ್ಟು ಎದ್ದು ಬಂದವನು ನಂಬ್ತೀನಿ ನಂಬ್ತೀನಿ ಅಂತ ಅಷ್ಟು ಸಲ ಯಾಕೆ ಹೇಳ್ಕೊಂಡ ಅಂತ ನಂಗೆ ಪ್ರತಿ ಸಲ ಅನ್ಸುತ್ತೆ.

ಅದು ಹಿಡಿಸಿದ್ರೆ ಇನ್ನೊಂದಿನ ಮೊದಲಿಂದ ಕೇಳಿ. ಸಂಗೀತ ಕಲಿತೋರಿಗೆ ಒಂದು ಸುಳಿವು ಕೊಡ್ತೀನಿ, ಕೀರಿಯೆ ಶುರುವಲ್ಲಿ ತಂತಿವಾದ್ಯಗಳು ಮೆಲ್ಲಗೆ ಇಳಿಯೋ ನಾಲ್ಕು ಸ್ವರ ನಮ್ಮ ಲೆಕ್ಕದಲ್ಲಿ ಸ ನಿ ದ ಪ, ನಟಭೈರವಿಯಲ್ಲಿ ಇಳಿದಂಗೆ. ತಂಬೂರಿ ಆ್ಯಪ್‌ನಲ್ಲಿ ಎಫ್‌ಗೆ ಶ್ರುತಿ ಇಟ್ಟು ಒಂದ್ಸಲ ಹಾಡ್ಕೊಂಡು ನೋಡಿ, ಆಮೇಲೆ ಮರೆಯಲ್ಲ. ಕ್ರೆಡೋ ಆದ್ಮೇಲಿನ ಸಾಂಕ್ಟುಸ್ ಭಾಗ ಎರಡೇ ನಿಮಿಷ, ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ಅದರ ಮುಂದಿನ ಬೆನೆಡಿಕ್ಟುಸ್ ನಿಧಾನ ಕಣ್ರಿ, ಅಲ್ಲಿ ನಿದ್ದೆ ಬಂದ್ರೂ ಬರ್ಲಿ. ಆದ್ರೆ ಕೊನೆಯ ಭಾಗ ಆಗ್ನುಸ್ ದೇಯಿಗೆ ಎದ್ದೇಳಿ, ಶಾಂತಿ ಕೊಡು ಅಂತ ಕೇಳೋ ಜಾಗದಲ್ಲಿ ಆ ಕೀರಿಯೆ ಸ್ವರಗಳು ವಾಪಸ್ ಬರುತ್ತೆ, ಈ ಸಲ ಮೇಜರ್‌ನಲ್ಲಿ, ಶಂಕರಾಭರಣಕ್ಕೆ ತಿರುಗಿದಂಗೆ. ಕೊನೇಗೆ ಓಬೋ ಅನ್ನೋ ಊದೋ ವಾದ್ಯ ಅದನ್ನ ಮೆಲ್ಲಗೆ ಹೇಳಿ ನಿಲ್ಲಿಸುತ್ತೆ.

ಆಟೋಪ್ಲೇ ಮಾತ್ರ ಮೊದಲೇ ಆಫ್ ಮಾಡಿಡಿ, ಇಲ್ಲಾಂದ್ರೆ ಓಬೋ ನಿಲ್ಲೋದೇ ತಡ ಯಾವ್ದೋ ಬಟ್ಟೆ ಸೋಪಿನ ಜಾಹೀರಾತು ಕೂಗುತ್ತೆ.