ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದೆ

ಉಡುಪಿಯ ನಮ್ಮ ಗುರುಗಳ ಚೆಂಡೆ ಪಾಠಗಳನ್ನು ಜಾಲತಾಣಕ್ಕೆ ಏರಿಸುವ ಕೆಲಸ ನನ್ನ ತಲೆಗೆ ಬಂತು. ಕಲಿಯುವವರಲ್ಲಿ ಅರ್ಧದಷ್ಟು ಜನ ಮುಂಬಯಿ, ದುಬೈ ಸೇರಿದವರು. ಮೊದಲು ಎಂಪಿ4 ಕಡತಗಳನ್ನು ಹಾಗೆಯೇ ಸರ್ವರ್‌ನಲ್ಲಿಟ್ಟು ಲಿಂಕ್ ಕೊಟ್ಟೆ. ವಾರ ಕಳೆಯುವುದರೊಳಗೆ ಅದು ಶುಲ್ಕ ಕಟ್ಟದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡತೊಡಗಿತು. ಗುರುಗಳು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಎಚ್‌ಎಲ್‌ಎಸ್ ಹಿಡಿದೆ. ಆಪಲ್ 2009ರಲ್ಲಿ ತಂದ ವಿಧಾನವಿದು: ವಿಡಿಯೊವನ್ನು ತುಣುಕುಗಳಾಗಿ ಕತ್ತರಿಸಿ, ಅವುಗಳ ಸರದಿಯನ್ನು ಒಂದು ಪಟ್ಟಿಯಲ್ಲಿ ಬರೆದಿಡುವುದು. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿ, ನೆಟ್ ವೇಗಕ್ಕೆ ತಕ್ಕಂತೆ ಬದಲಾಗಲೆಂದು ಚಿತ್ರದ ಎತ್ತರ 1080, 720, 360 ಪಿಕ್ಸೆಲ್ ಎಂದು ಮೂರು ಅಳತೆ ಮಾಡಿದೆ. ತುಣುಕೊಂದಕ್ಕೆ 6 ಸೆಕೆಂಡು. 45 ನಿಮಿಷದ ಪಾಠಕ್ಕೆ ಒಟ್ಟು 1350 ತುಣುಕು! ಮೂರರಲ್ಲೂ ಕೀಫ್ರೇಮ್ (ಹಿಂದಿನ ಚಿತ್ರಗಳನ್ನು ನೆಚ್ಚದೆ ತಾನೇ ಪೂರ್ಣವಾಗಿರುವ ಚಿತ್ರ) ಒಂದೇ ಜಾಗದಲ್ಲಿ ಬೀಳದಿದ್ದರೆ ಅಳತೆ ಬದಲಾಗುವಾಗ ಚಿತ್ರ ಮುಗ್ಗರಿಸುತ್ತದೆ. ಹಾಗಾಗಿ ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ 50 ಫ್ರೇಮಿಗೊಂದು ಕೀಫ್ರೇಮ್ ಎಂದು ಕಟ್ಟು ಹಾಕಿದೆ.

ಚಿತ್ರವನ್ನು ಎಷ್ಟಾದರೂ ಕುಗ್ಗಿಸಬಹುದು, ಚೆಂಡೆಯ ಪಾಠದಲ್ಲಿ ಧ್ವನಿಗೆ ಕತ್ತರಿ ಹಾಕಬಾರದು. ಎಎಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಧ್ವನಿಯನ್ನು ಸೆಕೆಂಡಿಗೆ 48 ಕಿಲೊಬಿಟ್‌ಗೆ ಇಳಿಸಿ ಕೇಳಿದೆ. ಪೆಟ್ಟಿನ ಮೊನೆಯೇ ಮೊಂಡಾಗಿತ್ತು. 360ರ ಅಳತೆಯಲ್ಲೂ 128ನ್ನೇ ಉಳಿಸಿಕೊಂಡೆ.

ಇನ್ನು ಬೀಗದ ಕಥೆ. ತುಣುಕುಗಳನ್ನು ಎಇಎಸ್-128 ಎಂಬ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದೆ, ಅಂದರೆ ಕೀಲಿಯಿಲ್ಲದೆ ತೆರೆಯದಂತೆ ಬೀಗ ಹಾಕಿದೆ. ಕೀಲಿ ಎಂದರೆ ಬರೀ 16 ಬೈಟ್‌ನ ಕಡತ. ಎಫ್‌ಎಫ್‌ಎಂಪೆಗ್‌ಗೆ ಕೊಡುವ ಕೀಲಿ ಮಾಹಿತಿಯಲ್ಲಿ ಮೊದಲ ಸಾಲು ಪ್ಲೇಯರ್ ಕೀಲಿ ಕೇಳಬೇಕಾದ ವಿಳಾಸ, ಎರಡನೆಯದು ನನ್ನ ಯಂತ್ರದಲ್ಲಿ ಕೀಲಿ ಇರುವ ಜಾಗ. ನಾನು ಮೊದಲ ಸಾಲಿಗೆ ತುಣುಕುಗಳಿದ್ದ ಫೋಲ್ಡರಿನ ವಿಳಾಸವನ್ನೇ ಬರೆದಿದ್ದೆ. ಪಟ್ಟಿಯನ್ನು ತೆರೆದವರಿಗೆಲ್ಲ ಕೀಲಿಯೂ ಸಿಗುತ್ತಿತ್ತು. ಎರಡು ದಿನ ಬೀಗಿದ ಮೇಲೆ, ಲಾಗಿನ್ ಆಗದೆಯೇ ಪಾಠ ಓಡುವುದನ್ನು ನೋಡಿ ನಾಲಿಗೆ ಕಚ್ಚಿಕೊಂಡೆ. ಈಗ ಕೀಲಿ ಕೊಡುವುದು ಒಂದು ಸಣ್ಣ ಪ್ರೋಗ್ರಾಂ. ಲಾಗಿನ್ ಕುಕಿ (ಲಾಗಿನ್ ಆದದ್ದಕ್ಕೆ ಬ್ರೌಸರ್‌ನಲ್ಲಿ ಉಳಿಯುವ ಗುರುತು) ಇಲ್ಲದವರಿಗೆ 403, ಅಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ.

ಅತಿ ಎಚ್ಚರದಿಂದಲೂ ಪೆಟ್ಟು ತಿಂದೆ. ಪ್ರತಿ ತುಣುಕಿಗೂ 15 ನಿಮಿಷದಲ್ಲಿ ಅವಧಿ ಮುಗಿಯುವ ಸಹಿ ಮಾಡಿದ ವಿಳಾಸ (ಸರ್ವರ್ ತಾನೇ ಕೊಟ್ಟದ್ದೆಂದು ಪರೀಕ್ಷಿಸಬಲ್ಲ ಲಿಂಕ್) ಕೊಟ್ಟೆ. ಆದರೆ ಚೆಂಡೆ ಕಲಿಯುವವರು ಸಿನಿಮಾ ನೋಡುವವರಂತೆ ನೋಡುವುದಿಲ್ಲ. ಒಂದು ನುಡಿತ ಕೇಳಿ, ವಿಡಿಯೊ ನಿಲ್ಲಿಸಿ, ಅರ್ಧ ಗಂಟೆ ಬಾರಿಸುತ್ತಾರೆ. ಮರಳಿ ಬಂದರೆ ಪಾಠ ಮುಂದೆ ಹೋಗದು. ದೂರು ಸಾಲುಗಟ್ಟಿದವು. ಕೀಲಿಯಿಲ್ಲದೆ ತುಣುಕು ಯಾರ ಕೈಗೆ ಸಿಕ್ಕರೂ ಬರೀ ಕಸ, ಹಾಗಿರುವಾಗ ಅದಕ್ಕೇಕೆ ಕಾವಲು? ಸಹಿಯನ್ನು ತೆಗೆದುಹಾಕಿದೆ.

ಪರದೆಯನ್ನೇ ರೆಕಾರ್ಡ್ ಮಾಡುವವರನ್ನು ಇದು ತಡೆಯುವುದಿಲ್ಲ. ಅದಕ್ಕೆ ವೈಡ್‌ವೈನ್, ಫೇರ್‌ಪ್ಲೇಯಂಥ ಡಿಆರ್‌ಎಂ (ನಕಲು ತಡೆಯುವ ವ್ಯವಸ್ಥೆ) ಬೇಕು, ಅದೂ ಪೂರ್ತಿ ಖಾತರಿಯಲ್ಲ. ನಲವತ್ತು ಜನರ ತರಗತಿಗೆ ಅಷ್ಟು ಖರ್ಚು ಬೇಡವೆಂದು ಪ್ಲೇಯರಿನ ಮೂಲೆಯಲ್ಲಿ ನೋಡುಗರ ಹೆಸರು ಮೂಡಿಸಿ ಸುಮ್ಮನಾದೆ.

ಎಲ್ಲ ಮುಗಿಯಿತೆಂದು ವಾಟ್ಸ್‌ಆ್ಯಪ್‌ನಲ್ಲಿದ್ದ ಆ ಹಳೆಯ ಲಿಂಕ್ ಒತ್ತಿದೆ. ಎಂಪಿ4 ಚಕ್ಕನೆ ತೆರೆದುಕೊಂಡಿತು. ಮೂಲ ಕಡತಗಳನ್ನು ಸರ್ವರ್‌ನಿಂದ ಅಳಿಸಲು ಮರೆತೇಬಿಟ್ಟಿದ್ದೆ.